ಆ ಕೊನೆಯ ಎಸೆತ ಯಾರಿಗೆ?

ನಮಸ್ಕಾರ ಅಮ್ಮ,

ಮೈಸೂರಿನಿಂದ ನೀವು ಬರೆದ ಹನ್ನೊಂದು ಪುಟದ ಕಾಗದ ಕೈ ಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಉತ್ತರವನ್ನು ನಿಮಗೊಬ್ಬರಿಗೇ ಅಂಚೆಯಲ್ಲಿ ಕಳಿಸಿ ಸುಮ್ಮನಿರಲು ನನಗೆ ಮನಸ್ಸು ಬರಲಿಲ್ಲ. ತಪ್ಪು ಎಲ್ಲರೆದುರು ಅಚ್ಚಾಗಿದೆ. ತಿದ್ದುವುದೂ ಎಲ್ಲರೆದುರೇ ಆಗಬೇಕು, ಅಲ್ವಾ?

ಉಳಿದ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಮೆಕ್ಸಿಕೊದಿಂದ ಬಂದು ಅಮೆರಿಕದಲ್ಲಿ ಹೆಸರು ಮಾಡಿದ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಫರ್ನಾಂಡೊ ವಲೆನ್ಸುಯೆಲಾ 2024ರ ಅಕ್ಟೋಬರ್ 22ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಇನ್ನು ಹತ್ತು ದಿನ ಕಳೆದಿದ್ದರೆ 64 ತುಂಬುತ್ತಿತ್ತು. ನಮ್ಮ ಪತ್ರಿಕೆ ಅವರಿಗೆ ಕೊಟ್ಟಿದ್ದು ಆರು ಸಾಲು. ಆ ಆರು ಸಾಲಿನಲ್ಲಿ ಎರಡು ತಪ್ಪು. ಒಂದು, ಅವರ ಪ್ರಸಿದ್ಧ ‘ಸ್ಕ್ರೂಬಾಲ್’ ಅನ್ನು ಸಾಮಾನ್ಯ ತಿರುವಿನ ಎಸೆತ ಎಂದು ಬರೆದೆವು. ಎರಡು, ‘ಒಂದು ವರ್ಷ ಮಿಂಚಿ ಬೇಗ ಮಂಕಾದ ತಾರೆ’ ಎಂದೆವು. ಈ ಎರಡನೇ ಮಾತು ನಿಮಗೆ ತುಂಬಾ ನೋವು ಕೊಟ್ಟಿದೆ. ‘ಹೋದವರ ಬಗ್ಗೆ ಬರೆಯುವಾಗ ಇಷ್ಟು ಅವಸರ ಯಾಕೆ?’ ಎಂದು ಕೇಳಿದ್ದೀರಿ. ನೀವು ಹೇಳಿದ್ದು ಸರಿ. ಕ್ಷಮೆ ಕೇಳುತ್ತೇನೆ.

ಕಾಗದದ ಉದ್ದಕ್ಕೂ ನೀವು ಅವರನ್ನು ‘ನಮ್ಮ ಹುಡುಗ’ ಎಂದೇ ಕರೆದಿದ್ದೀರಿ. ನನ್ನ ಬಾಯಿಗೂ ಈಗ ಅದೇ ಬರುತ್ತಿದೆ. ಹಾಗೇ ಬರೆಯುತ್ತೇನೆ.

ನೀವು ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಹೋದಾಗ ನಿಮಗೆ 21 ವರ್ಷ. ಯಜಮಾನರು ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಇಂಗ್ಲಿಷ್ ಅಷ್ಟಕ್ಕಷ್ಟೆ. ಕೆಳಮನೆಯಲ್ಲಿ ಮೆಕ್ಸಿಕೊ ಮೂಲದ ಒಬ್ಬ ಹಿರಿಯ ಹೆಂಗಸು. ನೀವು ಅವರನ್ನು ಸೆನ್ಯೋರಾ ಎನ್ನುತ್ತಿದ್ದಿರಿ, ಅವರು ನಿಮ್ಮನ್ನು ‘ಮಿಹಾ’, ಅಂದರೆ ಮಗಳೇ ಎನ್ನುತ್ತಿದ್ದರು. ಇಬ್ಬರಿಗೂ ಸರಿಯಾಗಿ ಬರುವ ಒಂದೇ ಒಂದು ಭಾಷೆ ಇರಲಿಲ್ಲ. ಇದ್ದಿದ್ದು ಅವರ ಅಡುಗೆಮನೆಯ ಕಿಟಕಿಯಲ್ಲಿ ಕೂತಿದ್ದ ರೇಡಿಯೊ.

ಆ ರೇಡಿಯೊದಲ್ಲಿ ಬರುತ್ತಿದ್ದ ದನಿ ಹೈಮೆ ಹರೀನ್ ಅವರದು. ಎಕ್ವಡಾರ್‌ನಿಂದ ಬಂದವರು. 1959ರಿಂದ 2022ರವರೆಗೆ ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ತಂಡ ಡಾಡ್ಜರ್ಸ್‌ನ ಪಂದ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದರು. ನಿಮಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಬೇಸ್‌ಬಾಲೂ ಬರುತ್ತಿರಲಿಲ್ಲ. ಎರಡನ್ನೂ ಒಟ್ಟಿಗೇ ಕಲಿತಿರಿ. ಚೆಂಡು ಬೇಲಿ ದಾಟುವಾಗ ಹರೀನ್ ‘ಸೆ ವಾ, ಸೆ ವಾ, ಸೆ ವಾ’ ಎನ್ನುತ್ತಿದ್ದರು. ಹೋಯ್ತು, ಹೋಯ್ತು, ಹೋಯ್ತು. ನಿಮ್ಮ ಕುಕ್ಕರ್ ಕೂಗಿದಾಗ ಸೆನ್ಯೋರಾ ಕೆಳಗಿನಿಂದಲೇ ‘ಸೆ ವಾ’ ಎಂದು ಕೂಗುತ್ತಿದ್ದರಂತೆ. ಇದನ್ನು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಇನ್ನೊಂದು ಸಲ ಓದಿದೆವು.

ನೀವು ಮೊದಲು ಕಲಿತ ಪದ ‘ಪೊಂಚಾದೊ’. ಮೂರು ಸ್ಟ್ರೈಕ್ ಆಗಿ, ಅಂದರೆ ಮೂರು ಸಲ ಚೆಂಡನ್ನು ಹೊಡೆಯಲಾಗದೆ, ಬ್ಯಾಟರ್ ಔಟಾದ ಎಂದರ್ಥ. 1981ರಲ್ಲಿ ಆ ಮನೆಯಲ್ಲಿ ಈ ಪದ ಜಾಸ್ತಿ ಕೇಳಿಸಿತು. ಕಾರಣ ನಮ್ಮ ಹುಡುಗ.

ಅವನ ಊರು ಮೆಕ್ಸಿಕೊದ ಸೊನೊರಾ ರಾಜ್ಯದ ಎಚೊವಾಕಿಲಾ. ಸಣ್ಣ ಹಳ್ಳಿ. ಹನ್ನೆರಡು ಮಕ್ಕಳಲ್ಲಿ ಕೊನೆಯವನು. ಡಾಡ್ಜರ್ಸ್ ಪರವಾಗಿ ಆಟಗಾರರನ್ನು ಹುಡುಕುತ್ತಿದ್ದ ಮೈಕ್ ಬ್ರಿಟೊ ಎಂಬ ಕ್ಯೂಬಾದವರು ಬೇರೆ ಯಾರನ್ನೋ ನೋಡಲು ಹೋದವರು ಇವನನ್ನು ನೋಡಿದರು. 1979ರ ಜುಲೈನಲ್ಲಿ ತಂಡ ಅವನಿಗಾಗಿ 1,20,000 ಡಾಲರ್ ಕೊಟ್ಟಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ದೊಡ್ಡ ತಂಡಕ್ಕೆ ಬಂದ. 1981ರ ಏಪ್ರಿಲ್ 9, ಹಂಗಾಮಿನ ಮೊದಲ ಪಂದ್ಯ. ಎಸೆಯಬೇಕಿದ್ದ ಜೆರ್ರಿ ರಾಯ್ಸ್‌ಗೆ ಪೆಟ್ಟಾಗಿತ್ತು. ಇಪ್ಪತ್ತರ ಹುಡುಗನ ಕೈಗೆ ಚೆಂಡು ಕೊಟ್ಟರು. ಹ್ಯೂಸ್ಟನ್ ತಂಡಕ್ಕೆ ಒಂದು ರನ್ನನ್ನೂ ಕೊಡದೆ ಪಂದ್ಯ ಮುಗಿಸಿದ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಈಗ ಶುರು ಮಾಡಿದ ಪಿಚರ್ ಐದೋ ಆರೋ ಇನಿಂಗ್ಸ್ ಎಸೆದು ಚೆಂಡನ್ನು ಇನ್ನೊಬ್ಬರಿಗೆ ಕೊಡುತ್ತಾನೆ. ಇವನು ಆ ವರ್ಷ ಶುರು ಮಾಡಿದ ಮೊದಲ ಎಂಟು ಪಂದ್ಯಗಳಲ್ಲೂ ಒಂಬತ್ತೊಂಬತ್ತು ಇನಿಂಗ್ಸ್ ಎಸೆದ. ಒಟ್ಟು 72 ಇನಿಂಗ್ಸ್. ಅವನ ಲೆಕ್ಕಕ್ಕೆ ಬಂದ ರನ್ 4. ಎಂಟೂ ಗೆಲುವು. ಐದರಲ್ಲಿ ಎದುರಾಳಿಗೆ ಒಂದು ರನ್ನೂ ಇಲ್ಲ. ಆ ವಸಂತದ ಹುಚ್ಚಿಗೆ ಜನ ‘ಫರ್ನಾಂಡೊಮೇನಿಯಾ’ ಎಂದು ಹೆಸರಿಟ್ಟರು.

ನೋಡಲು ಆಟಗಾರನ ಹಾಗೆ ಇರಲಿಲ್ಲ ಎಂದು ನೀವು ಬರೆದಿದ್ದು ನಿಜ. ದುಂಡು ಮುಖ, ಮುಂದೆ ಬಂದ ಹೊಟ್ಟೆ. ‘ಮದುವೆ ಮನೆಯಲ್ಲಿ ಬಡಿಸಲು ನಿಂತ ಸೋದರಮಾವನ ಮಗನ ಹಾಗೆ’ ಎಂದಿದ್ದೀರಿ. ನಿಮ್ಮ ಕಾಗದ ಓದಿದ ಮೇಲೆ ಹಳೇ ವಿಡಿಯೊ ಹಾಕಿಕೊಂಡು ನೋಡಿದೆ. ಬಲಗಾಲು ಮೇಲೆತ್ತುತ್ತಾನೆ. ಎರಡೂ ಕೈ ತಲೆಯ ಮೇಲೆ. ಎಲ್ಲ ಪಿಚರ್‌ಗಳು ಕ್ಯಾಚರ್‌ನ ಗ್ಲೌಸ್ ನೋಡುವ ಆ ಹೊತ್ತಿನಲ್ಲಿ ಇವನ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತದೆ. ಆಕಾಶ ನೋಡುತ್ತಾನೆ. ಒಂದು ಕ್ಷಣ ಅಷ್ಟೆ. ಕಣ್ಣು ಕೆಳಗಿಳಿಯುತ್ತದೆ, ಕೈ ಬೀಸುತ್ತದೆ. ಅಲ್ಲೇ ನಿಲ್ಲಿಸಿ, ಹಿಂದಕ್ಕೆ ತಂದು, ಎಷ್ಟು ಸಲ ನೋಡಿದೆನೋ.

ಇನ್ನು ಸ್ಕ್ರೂಬಾಲ್. ನಮ್ಮ ಮೊದಲ ತಪ್ಪು ಇಲ್ಲೇ. ಎಡಗೈ ಪಿಚರ್‌ನ ಸಾಮಾನ್ಯ ತಿರುವಿನ ಚೆಂಡು ಬಲಗೈ ಬ್ಯಾಟರ್‌ನ ಕಡೆಗೆ ಒಳಕ್ಕೆ ಬರುತ್ತದೆ. ಸ್ಕ್ರೂಬಾಲ್ ಅವನಿಂದ ದೂರಕ್ಕೆ ಓಡುತ್ತದೆ, ಜೊತೆಗೆ ಕೆಳಕ್ಕೂ ಇಳಿಯುತ್ತದೆ. ಕುಲದೀಪ್ ಯಾದವ್ ಅವರ ಗೂಗ್ಲಿ ನೆನಪಿಸಿಕೊಳ್ಳಿ, ಅದು ತಿರುಗುವ ದಿಕ್ಕಿಗೇ ಇದೂ ತಿರುಗುವುದು. ಆದರೆ ಇಲ್ಲಿ ಚೆಂಡು ನೆಲ ಮುಟ್ಟುವುದಿಲ್ಲ. ಗಾಳಿಯಲ್ಲೇ ಎಲ್ಲ ಆಗಬೇಕು. ಎಡಗೈಯನ್ನು ಮುಂದಕ್ಕೆ ಚಾಚಿ, ಹೆಬ್ಬೆರಳು ಕೆಳಗೆ ಬರುವ ಹಾಗೆ ಅಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿ. ಮೊಣಕೈವರೆಗೂ ಎಳೆದ ಹಾಗಾಗುತ್ತದೆ. ಅದನ್ನು ಜೋರಾಗಿ ಬೀಸುವ ಕೈಯಲ್ಲಿ, ಒಂದು ಸಂಜೆಗೆ ಹತ್ತಾರು ಸಲ ಮಾಡಬೇಕು. ಇವನಿಗೆ ಇದನ್ನು ಕಲಿಸಿದ್ದು ಜೊತೆ ಆಟಗಾರ ಬಾಬಿ ಕಾಸ್ಟಿಯೊ, ಲಾಸ್ ಏಂಜಲೀಸ್‌ನಲ್ಲೇ ಬೆಳೆದವರು. ಹಿಂದೆ ಕಾರ್ಲ್ ಹಬೆಲ್ ಎಂಬ ದೊಡ್ಡ ಪಿಚರ್ ಇದ್ದರು, ಅವರೂ ಎಡಗೈ, ಅವರದೂ ಸ್ಕ್ರೂಬಾಲ್. ವರ್ಷಗಟ್ಟಲೆ ಎಸೆದು ಎಸೆದು, ಕೈ ಇಳಿಬಿಟ್ಟು ನಿಂತರೂ ಅವರ ಎಡ ಅಂಗೈ ಹೊರಕ್ಕೇ ತಿರುಗಿರುತ್ತಿತ್ತು. ಆಯ್ದ ತಾರೆಯರು ವರ್ಷಕ್ಕೊಮ್ಮೆ ಆಡುವ ಆಲ್‌ಸ್ಟಾರ್ ಪಂದ್ಯದಲ್ಲಿ, 1934ರಲ್ಲಿ, ಹಬೆಲ್ ಸಾಲಾಗಿ ಐದು ಜನರನ್ನು ಸ್ಟ್ರೈಕ್ ಔಟ್ ಮಾಡಿದ್ದರು. 1986ರಲ್ಲಿ ಅದೇ ಆಲ್‌ಸ್ಟಾರ್ ಪಂದ್ಯದಲ್ಲಿ ನಮ್ಮ ಹುಡುಗ ಸಾಲಾಗಿ ಐವರನ್ನು ಔಟ್ ಮಾಡಿ ಅವರಿಗೆ ಸಮನಾಗಿ ನಿಂತ.

ಈ ಎಸೆತ ಕೈಯನ್ನು ತಿನ್ನುತ್ತದೆ ಎಂದು ನಾನು ಯಾಕೆ ಇಷ್ಟು ಹೇಳಿದೆ ಅಂದರೆ, ‘ಬೇಗ ಮಂಕಾದ’ ಎಂಬ ನಮ್ಮ ಎರಡನೇ ತಪ್ಪಿನ ಬೇರು ಇಲ್ಲೇ ಇದೆ. ಅವನು ಒಂದು ವರ್ಷದ ತಾರೆ ಆಗಿರಲಿಲ್ಲ. 1982ರಲ್ಲಿ ಎಸೆದಿದ್ದು 285 ಇನಿಂಗ್ಸ್. ಅಲ್ಲಿಂದ 1987ರವರೆಗೆ ಯಾವ ವರ್ಷವೂ 250ಕ್ಕಿಂತ ಕಡಿಮೆ ಇಲ್ಲ. 1986ರಲ್ಲಿ 21 ಗೆಲುವು, ಪೂರ್ತಿ ತಾನೇ ಎಸೆದು ಮುಗಿಸಿದ ಪಂದ್ಯ 20. ತನ್ನ ಸರದಿ ಬಂದಾಗ ಒಂದು ಸಲವೂ ತಪ್ಪಿಸದೆ ಸಾಲಾಗಿ 255 ಪಂದ್ಯ ಶುರು ಮಾಡಿದ. 1988ರಲ್ಲಿ ಭುಜ ಕೈಕೊಟ್ಟಿತು. ಆಗ ಅವನಿಗೆ 27. ಇವತ್ತು ಆ ವಯಸ್ಸಿನ ಪಿಚರ್‌ನ ಒಂದೊಂದು ಎಸೆತವನ್ನೂ ಎಣಿಸಿ ಕಾಯುತ್ತಾರೆ. ಅವನನ್ನು ಯಾರೂ ಹಾಗೆ ಕಾಯಲಿಲ್ಲ. ಕೇಳಿದಾಗೆಲ್ಲ ಎಸೆದ. ನನ್ನನ್ನು ಕೇಳಿದರೆ ಅವನನ್ನು ಮಿತಿಮೀರಿ ದುಡಿಸಿಕೊಂಡರು. ಅದನ್ನು ‘ಮಂಕಾದ’ ಎಂದು ಬರೆದಿದ್ದು ಅನ್ಯಾಯ.

ಅಷ್ಟಾದ ಮೇಲೂ 1990ರ ಜೂನ್ 29ರ ರಾತ್ರಿ ಸೇಂಟ್ ಲೂಯಿಸ್ ವಿರುದ್ಧ ಒಂದೇ ಒಂದು ಹಿಟ್ ಕೊಡದೆ ಪಂದ್ಯ ಮುಗಿಸಿದ. ನಿಮ್ಮ ಹತ್ತಿರ ಸೊಂಬ್ರೆರೊ ಟೋಪಿ ಇದ್ದರೆ ಆಕಾಶಕ್ಕೆ ತೂರಿ ಎಂದು ಇಂಗ್ಲಿಷ್ ಕಾಮೆಂಟರಿಯ ವಿನ್ ಸ್ಕಲ್ಲಿ ಕೂಗಿದ್ದು ಆ ರಾತ್ರಿಯೇ. ಒಂಬತ್ತು ತಿಂಗಳಾದ ಮೇಲೆ, 1991ರ ಮಾರ್ಚ್‌ನಲ್ಲಿ, ತಂಡ ಅವನನ್ನು ಕೈಬಿಟ್ಟಿತು. ಆಮೇಲೆ ಐದಾರು ತಂಡ ಸುತ್ತಿ 1997ರವರೆಗೆ ಆಡಿದ.

ಈಗ ನಿಮ್ಮ ಕಾಗದದ ಏಳನೇ ಪುಟಕ್ಕೆ ಬರುತ್ತೇನೆ. ಈ ಉತ್ತರ ಇಷ್ಟು ಉದ್ದ ಆಗಿದ್ದು ಆ ಪುಟಕ್ಕಾಗಿ.

ಡಾಡ್ಜರ್ಸ್ ಆಟದ ಮೈದಾನ ಇರುವುದು ಚಾವೆಸ್ ರವೀನ್ ಎಂಬ ಗುಡ್ಡದ ಜಾಗದಲ್ಲಿ. ಅಲ್ಲಿ ಮೊದಲು ಪಾಲೊ ವೆರ್ಡೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಿದ್ದವು. ಬಹುಪಾಲು ಮೆಕ್ಸಿಕನ್ ಕುಟುಂಬಗಳು. ಸರ್ಕಾರಿ ವಸತಿ ಕಟ್ಟುತ್ತೇವೆ ಎಂದು 1950ರಲ್ಲಿ ಅವರಿಗೆಲ್ಲ ಮನೆ ಬಿಡಲು ಹೇಳಿದರು. ಹೆಚ್ಚಿನವರು ಬಿಟ್ಟರು. ವಸತಿ ಯೋಜನೆ ರದ್ದಾಯಿತು. ಬ್ರೂಕ್ಲಿನ್‌ನಿಂದ ಬಂದ ಡಾಡ್ಜರ್ಸ್ ತಂಡಕ್ಕೆ ನಗರ ಆ ಜಾಗ ಕೊಟ್ಟಿತು. ಕೊನೆಗೆ ಉಳಿದಿದ್ದವರನ್ನು 1959ರ ಮೇ ತಿಂಗಳಲ್ಲಿ ಪೊಲೀಸರು ಬಂದು ಹೊರಹಾಕಿದರು. 1962ರ ಏಪ್ರಿಲ್‌ನಲ್ಲಿ ಅಲ್ಲಿ ಮೊದಲ ಪಂದ್ಯ ನಡೆಯಿತು.

ಸೆನ್ಯೋರಾ ಹುಟ್ಟಿದ್ದು ಲಾ ಲೋಮಾದಲ್ಲಿ. ಅವರ ಅಣ್ಣ ಆ ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ್ದರು. ಬೇಸ್‌ಬಾಲ್ ಎಂದರೆ ಪ್ರಾಣ, ರೇಡಿಯೊ ಕೇಳುತ್ತಿದ್ದರು, ಹೋಗುತ್ತಿರಲಿಲ್ಲ. ಅಂಥವರು 1981ರ ಮೇ 18ರಂದು ತಾವೇ ಟಿಕೆಟ್ ತಂದರು. ತಮಗೆ, ತಂಗಿಗೆ, ನಿಮಗೆ, ನಿಮ್ಮ ಯಜಮಾನರಿಗೆ. ಕಾರು ನಿಲ್ಲಿಸಿ ಇಳಿದವರು ಮೈದಾನದ ಕಡೆ ಹೋಗಲಿಲ್ಲ. ಡಾಂಬರಿನ ಮೇಲೆ ಆಚೆ ಈಚೆ ನಡೆದು, ದೂರದ ಗುಡ್ಡದ ಗುರುತು ನೋಡಿಕೊಂಡು, ಒಂದು ಕಡೆ ನಿಂತರು. ಕಾಲಿನಿಂದ ನೆಲ ಒರೆಸಿದರು. ‘ಇಲ್ಲಿ ಅಮ್ಮನ ಒಲೆ’ ಎಂದರು. ಸೆನ್ಯೋರಾ ‘ಅಲ್ಲ, ಇನ್ನೂ ಸ್ವಲ್ಪ ಆ ಕಡೆ’ ಎಂದರು. ಪಂದ್ಯಕ್ಕೆ ಹೊತ್ತಾಗುತ್ತಿದ್ದರೂ ಅಣ್ಣ ತಂಗಿ ಒಲೆ ಎಲ್ಲಿತ್ತು ಎಂದು ಜಗಳವಾಡಿದರು. ನೀವು ಪಕ್ಕದಲ್ಲಿ ನಿಂತು ನಿಮ್ಮ ಅಮ್ಮನನ್ನು ನೆನೆಸಿಕೊಂಡಿರಿ. ಅವರ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋದ ಊರು. ನೀರು ಇಳಿದ ಬೇಸಿಗೆಯಲ್ಲಿ ಅವರೂ ಹೀಗೇ ದಡದಲ್ಲಿ ನಿಂತು ಬೆರಳು ತೋರಿಸುತ್ತಿದ್ದರು. ‘ಮುಳುಗಡೆಯವರಿಗೆ ಮುಳುಗಡೆಯವರು ಬೇಗ ಗೊತ್ತಾಗ್ತಾರೆ’ ಎಂದು ಬರೆದಿದ್ದೀರಿ. ಈ ಸಾಲನ್ನು ನಾನು ನಮ್ಮ ಮನೆಯಲ್ಲಿ ಓದಿ ಹೇಳಿದೆ. ಎಲ್ಲರೂ ಸುಮ್ಮನಾದರು.

ಇಷ್ಟಾಗಿ, ನೀವು ನೋಡಿದ ಒಂದೇ ಒಂದು ಪಂದ್ಯದಲ್ಲಿ ಅವನು ಸೋತ! ಎಂಟು ಗೆಲುವಿನ ಮೇಲೆ ಮೊದಲ ಸೋಲು. ಫಿಲಡೆಲ್ಫಿಯಾ 4, ಡಾಡ್ಜರ್ಸ್ 0. ಮೈಕ್ ಶ್ಮಿಟ್ ಹೋಮ್ ರನ್ ಹೊಡೆದಾಗ ನಿಮ್ಮ ಸುತ್ತ ಯಾರೂ ಮಾತಾಡಲಿಲ್ಲ. ‘ನನ್ನ ಕಾಲ್ಗುಣವೇ ಸರಿಯಿಲ್ಲ ಅನ್ನಿಸಿತು’ ಎಂದು ಬರೆದಿದ್ದೀರಿ. ವಾಪಸ್ ಬರುವಾಗ ಕಾರಿನಲ್ಲಿ ಅಣ್ಣ ಏನೋ ಹೇಳಿದರು. ಸೆನ್ಯೋರಾ ನಿಮಗೆ ಬೆರಳು ಮಡಚಿ, ಕೈ ಸನ್ನೆ ಮಾಡಿ ಅರ್ಥ ಹೇಳಿದರು. ಮುಂದಿನ ಸಲ ಹುಡುಗ ಎಸೆಯುವ ದಿನವೂ ಹೋಗೋಣ ಎಂದಿದ್ದರಂತೆ.

ಒಂದು ವಿಷಯ ಮಾತ್ರ ನಾನು ನಿಮ್ಮಷ್ಟು ಖಚಿತವಾಗಿ ಹೇಳಲಾರೆ. ‘ಫರ್ನಾಂಡೊ ಆ ಜನರಿಗೆ ಅವರ ನೆಲ ವಾಪಸ್ ಕೊಟ್ಟ’ ಎಂದು ಬರೆದಿದ್ದೀರಿ. ನೆಲ ವಾಪಸ್ ಬರಲಿಲ್ಲ ಅಮ್ಮ. ಒಲೆಯ ಮೇಲೆ ಇವತ್ತೂ ಡಾಂಬರಿದೆ. ಆ ಲೆಕ್ಕವನ್ನು ಇಪ್ಪತ್ತರ ಹುಡುಗನ ಭುಜದ ಮೇಲೆ ಹಾಕುವುದು ಸರಿಯಲ್ಲ. ಅವನೇನೂ ಆ ಮಾತು ಆಡಿದವನಲ್ಲ. ಆಗ ಇಂಗ್ಲಿಷ್ ಬಾರದೆ, ಪತ್ರಕರ್ತರು ಮುತ್ತಿಕೊಂಡಾಗ ಅದೇ ರೇಡಿಯೊದ ಹರೀನ್ ಅವನ ಪಕ್ಕದಲ್ಲಿ ಕೂತು ಮಾತು ದಾಟಿಸುತ್ತಿದ್ದರು. ಅವನು ಮಾಡಿದ್ದು ಏನೆಂದರೆ, ಆ ನೆಲದ ನಟ್ಟನಡುವೆ, ಪಿಚರ್ ನಿಂತು ಎಸೆಯುವ ದಿಬ್ಬದ ಮೇಲೆ, ಅವರ ಮುಖದ, ಅವರ ಮಾತಿನ ಒಬ್ಬ ನಿಂತ. ಐವತ್ತು ಸಾವಿರ ಜನ ಅವನಿಗಾಗಿ ಬಂದರು. ಅಣ್ಣನ ಶಪಥ ಮುರಿಯಲು ಅಷ್ಟು ಸಾಕಾಯಿತು. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಆ ವರ್ಷ ಅವನಿಗೆ ವರ್ಷದ ಹೊಸ ಆಟಗಾರ ಪ್ರಶಸ್ತಿ, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎರಡೂ ಬಂದವು. ಒಂದೇ ವರ್ಷದಲ್ಲಿ ಎರಡನ್ನೂ ಪಡೆದವರು ಬೇರೆ ಯಾರೂ ಇಲ್ಲ. ಬೇಸ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ನಲ್ಲಿ ಮಾತ್ರ ಅವನಿಗೆ ಜಾಗ ಸಿಗಲಿಲ್ಲ. ಹಾಗಿದ್ದರೂ ಅವನು ತಂಡ ಬಿಟ್ಟ ಮೇಲೆ ಡಾಡ್ಜರ್ಸ್‌ನಲ್ಲಿ ಯಾರೂ ಅವನ 34ನೇ ನಂಬರಿನ ಅಂಗಿ ತೊಡಲಿಲ್ಲ. ಹಾಲ್ ಆಫ್ ಫೇಮ್ ಸೇರದವರ ನಂಬರನ್ನು ತಂಡದ ನಿಯಮದ ಪ್ರಕಾರ ಎತ್ತಿಡುವ ಹಾಗಿರಲಿಲ್ಲ, ಆದರೂ ಯಾರಿಗೂ ಕೊಡಲಿಲ್ಲ. 32 ವರ್ಷ ಹೀಗೇ ನಡೆದು, 2023ರ ಆಗಸ್ಟ್ 11ರಂದು ಅವನೆದುರೇ ಆ ನಂಬರನ್ನು ಶಾಶ್ವತವಾಗಿ ಅವನ ಹೆಸರಿಗೆ ಬಿಟ್ಟರು. ಮೆಕ್ಸಿಕೊದಲ್ಲಿ ಅದಕ್ಕೂ ಮೊದಲೇ, 2019ರಲ್ಲಿ, ಇಡೀ ಲೀಗಿನಲ್ಲೇ ಯಾರೂ 34 ತೊಡಬಾರದು ಎಂದು ಮಾಡಿದ್ದರು. ಅಷ್ಟರಲ್ಲಿ ಅವನು ಡಾಡ್ಜರ್ಸ್‌ನ ಸ್ಪ್ಯಾನಿಷ್ ಕಾಮೆಂಟರಿ ಪೆಟ್ಟಿಗೆಯಲ್ಲಿ ಕೂರುತ್ತಿದ್ದ. 2003ರಿಂದ, ತೀರಿಕೊಳ್ಳುವ ವರ್ಷದವರೆಗೂ. ಒಂದು ಕಾಲಕ್ಕೆ ಅವನ ಮಾತು ದಾಟಿಸಿದ ಹರೀನ್ ಅವರೂ ಅಲ್ಲೇ ಇದ್ದರು.

‘ಮುಖಾಮುಖಿ ಮಾತಾಡದ ಮನುಷ್ಯನಿಗಾಗಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ, ಮಗ ನೋಡಿ ನಕ್ಕ’ ಎಂದು ಬೇಸರ ಮಾಡಿಕೊಂಡಿದ್ದೀರಿ. ಮಗನಿಗೆ ಈ ಪುಟ ತೋರಿಸಿ. ಪರದೇಶದಲ್ಲಿ ಒಬ್ಬಳೇ ಕೂತಿದ್ದ ಇಪ್ಪತ್ತೊಂದರ ಹುಡುಗಿಯನ್ನು ಮೆಟ್ಟಿಲಿಳಿಸಿ, ಕೆಳಮನೆಯ ಕಿಟಕಿಯ ಹತ್ತಿರ ಕೂರಿಸಿದವನು ಅವನು. ಸೆನ್ಯೋರಾ ಈಗಿಲ್ಲ. ಅವರ ಅಣ್ಣನೂ ಇಲ್ಲ. ಮೂರನೆಯವನಾಗಿ ಅವನು ಹೋದಾಗ ನೀವು ಅಳದೆ ಇನ್ನು ಯಾರು ಅಳಬೇಕು?

ಕೊನೆಯದಾಗಿ ನೀವು ಕೇಳಿದ ಪ್ರಶ್ನೆ. 1981ರ ಅಕ್ಟೋಬರ್ 23. ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ. ಎದುರಿಗೆ ನ್ಯೂಯಾರ್ಕ್ ಯಾಂಕೀಸ್, ಮೊದಲ ಎರಡೂ ಪಂದ್ಯ ಗೆದ್ದು ಬಂದಿದ್ದರು. ಸೋತರೆ ಕಥೆ ಮುಗಿದ ಹಾಗೇ. ಅವತ್ತು ಅವನ ಕೈಗೆ ಹಿಡಿತವೇ ಸಿಗಲಿಲ್ಲ. ರಾನ್ ಸೇ ಮೊದಲ ಇನಿಂಗ್ಸ್‌ನಲ್ಲೇ ಹೋಮ್ ರನ್ ಹೊಡೆದು ತಂದುಕೊಟ್ಟ ಮೂರು ರನ್ನಿನ ಮುನ್ನಡೆ ಕರಗಿಹೋಯಿತು. ಯಾಂಕೀಸ್ 4, ಡಾಡ್ಜರ್ಸ್ 3. ಬೇರೆ ಯಾರನ್ನಾದರೂ ಆಗಿದ್ದರೆ ಆಗಲೇ ಕೂರಿಸಿಬಿಡುತ್ತಿದ್ದರು. ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವನನ್ನು ದಿಬ್ಬದಿಂದ ಇಳಿಸಲಿಲ್ಲ. ಒಂಬತ್ತು ಹಿಟ್ ಕೊಟ್ಟ, ಏಳು ಜನರನ್ನು ಸುಮ್ನೆ ನಡೆಸಿ ಮೊದಲ ಬೇಸ್‌ಗೆ ಕಳಿಸಿದ, ಆದರೆ ಮೂರನೇ ಇನಿಂಗ್ಸ್ ಆದ ಮೇಲೆ ಒಂದೇ ಒಂದು ರನ್ ಬಿಡಲಿಲ್ಲ. ಐದನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 5-4 ಮಾಡಿದರು. ಎಂಟರಲ್ಲಿ ಯಾಂಕೀಸ್‌ನ ಇಬ್ಬರು ಬೇಸ್ ಮೇಲೆ, ಒಬ್ಬರೂ ಔಟಿಲ್ಲ. ಬಾಬಿ ಮರ್ಸರ್ ಚೆಂಡನ್ನು ಮೆತ್ತಗೆ ತಟ್ಟಿದರು, ಅದು ಮೇಲೆದ್ದಿತು, ಅದೇ ರಾನ್ ಸೇ ಹಾರಿ ಬಿದ್ದು ಹಿಡಿದು ಎದ್ದು ಮೊದಲ ಬೇಸ್‌ಗೆ ಎಸೆದರು. ಒಂದೇ ಏಟಿಗೆ ಇಬ್ಬರು ಔಟ್. ಸೆನ್ಯೋರಾ ಕುರ್ಚಿ ಹತ್ತಿ ನಿಂತರು ಎಂದು ಬರೆದಿದ್ದೀರಲ್ಲ, ಅದು ಇದಕ್ಕೇ ಇರಬೇಕು.

ಒಂಬತ್ತನೇ ಇನಿಂಗ್ಸ್ ಬಂದಾಗ ಮನೆಯಲ್ಲೂ ಬೀದಿಯಲ್ಲೂ ಗಲಾಟೆ, ಕಾರುಗಳ ಹಾರ್ನ್, ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಹರೀನ್ ಏನು ಹೇಳಿದರೋ ನಿಮಗೆ ಕೇಳಿಸಲೇ ಇಲ್ಲ. ಗೆದ್ದಿದ್ದು ಗೊತ್ತಾಯಿತು, ಹೇಗೆ ಎಂದು ಗೊತ್ತಾಗಲಿಲ್ಲ. 43 ವರ್ಷ ಯಾರನ್ನೂ ಕೇಳದೆ ಈಗ ನನ್ನನ್ನು ಕೇಳಿದ್ದೀರಿ, ಆ ಕೊನೆಯ ಎಸೆತ ಯಾರಿಗೆ, ಏನಾಯಿತು ಎಂದು.

ಅದು ಅವನ 147ನೇ ಎಸೆತ. ಬ್ಯಾಟ್ ಹಿಡಿದು ನಿಂತಿದ್ದು ಲೂ ಪಿನೆಲ್ಲಾ.

ಪೊಂಚಾದೊ, ಅಮ್ಮ.

ನಿಮ್ಮ,
ಸಂಪಾದಕ